ಸಮಾಧಿಶಿಲೆಯ ಭಾಷೆ: ಎಕ್ಸಾಲ್ ಪ್ರಕರಣದ ಒಂದು ಟಿಪ್ಪಣಿ

ಇಂಗ್ಲೆಂಡಿನ ಚರ್ಚ್ ಸ್ಮಶಾನಗಳಲ್ಲಿ ಸಮಾಧಿಶಿಲೆಯ ಅಳತೆ, ಕಲ್ಲಿನ ಬಗೆ, ಬರೆಹ ಇವೆಲ್ಲವೂ ಧರ್ಮಪ್ರಾಂತ್ಯದ ನಿಯಮಗಳಿಗೆ ಒಳಪಟ್ಟಿವೆ. ನಿಯಮವನ್ನು ಮೀರುವ ಕಲ್ಲಿಗೆ ಚರ್ಚ್ ನ್ಯಾಯಾಲಯದ ಅನುಮತಿ ಬೇಕು. ದುಃಖ ಮನೆಯವರದು, ನೆಲ ಚರ್ಚಿನದು. ವಿವಾದಗಳ ಮೂಲ ಇಲ್ಲಿಯೇ ಇದೆ.

ಕೋವೆಂಟ್ರಿ ಸಮೀಪದ ಎಕ್ಸಾಲ್‌ನ ಸೇಂಟ್ ಗೈಲ್ಸ್ ಚರ್ಚಿನಲ್ಲಿ ಐರಿಷ್ ಮೂಲದ ಕುಟುಂಬವೊಂದು ತಾಯಿಯ ಶಿಲೆಯ ಮೇಲೆ ಐರಿಷ್ ಭಾಷೆಯ ಐದು ಪದಗಳನ್ನು ಕೆತ್ತಿಸಬಯಸಿತು. ಅವುಗಳ ಅರ್ಥ, 'ನಮ್ಮ ಹೃದಯಗಳಲ್ಲಿ ಎಂದೆಂದಿಗೂ'. ಇಂಗ್ಲಿಷ್ ಅನುವಾದವಿಲ್ಲದೆ ಇದಕ್ಕೆ ಅವಕಾಶವಿಲ್ಲವೆಂದು 2020ರ ಮೇ ತಿಂಗಳಲ್ಲಿ ಧರ್ಮಪ್ರಾಂತ್ಯದ ನ್ಯಾಯಾಲಯ ತೀರ್ಪಿತ್ತಿತು. ಓದುಗರಿಗೆ ಅರ್ಥವಾಗದ ಬರೆಹ ಘೋಷಣೆಯೆಂದೋ ರಾಜಕೀಯ ಹೇಳಿಕೆಯೆಂದೋ ಭಾವಿಸಲ್ಪಡಬಹುದೆಂಬುದು ಅದರ ಆತಂಕ. ಮೇಲ್ಮನವಿಯನ್ನು ಆಲಿಸಿದ ಆರ್ಚಸ್ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಅನುವಾದವಿಲ್ಲದೆಯೇ ಅನುಮತಿ ನೀಡಿತು.

ಮೊದಲ ತೀರ್ಪಿನ ತರ್ಕ ಪರಿಶೀಲನಾರ್ಹ. ಅರ್ಥವಾಗದಿರುವುದೇ ದೋಷವಾದರೆ ಇಂಗ್ಲೆಂಡಿನ ಚರ್ಚುಗಳಲ್ಲಿ ಬಹುಕಾಲದಿಂದ ಇರುವ ಲ್ಯಾಟಿನ್ ಬರೆಹಗಳಿಗೂ ಅನುವಾದ ಬೇಕಾಗುತ್ತಿತ್ತು. ಆದ್ದರಿಂದ ಇಲ್ಲಿ ಪ್ರಶ್ನೆಗೊಳಗಾದದ್ದು ಬರೆಹದ ಅರ್ಥವಲ್ಲ, ಭಾಷೆಯ ಸ್ಥಾನಮಾನ ಎನ್ನಬೇಕಾಗುತ್ತದೆ.

ಸ್ಮಾರಕಶಿಲೆ ಯಾರನ್ನು ಉದ್ದೇಶಿಸಿ ಮಾತನಾಡುತ್ತದೆ ಎಂಬುದು ನಮ್ಮ ಶಾಸನಾಧ್ಯಯನಕ್ಕೂ ಸಲ್ಲುವ ಪ್ರಶ್ನೆ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳು ಸಂಸ್ಕೃತದಲ್ಲಿಯೂ ಇವೆ, ಕನ್ನಡದಲ್ಲಿಯೂ ಇವೆ. ಅವುಗಳ ಛಂದಸ್ಸು, ಲಿಪಿಗಳ ಚರ್ಚೆಯ ಜೊತೆಗೆ ಭಾಷೆಯ ಆಯ್ಕೆ ಯಾರದಾಗಿತ್ತು, ತೀರಿಕೊಂಡವರದೋ, ಗುರುವಿನದೋ, ಕಲ್ಲು ನಿಲ್ಲಿಸಿದವರದೋ ಎಂಬುದನ್ನೂ ಕೇಳಬೇಕಾಗಿದೆ.