ಕಂಡದ್ದೆಷ್ಟು, ಕೇಳಿದ್ದೆಷ್ಟು

ತಮ್ಮಾ, ಗೈಡ್ ಬ್ಯಾಡ್ಜು ಕೊರಳಿಗೆ ಬಿದ್ದ ಮೇಲೆ ನಿನ್ನ ಬಾಯಿಂದ ಬಂದದ್ದೆಲ್ಲ ಹಂಪಿ ನೋಡಲು ಬಂದವರ ಪಾಲಿಗೆ ಇತಿಹಾಸ. ಅದಕ್ಕೇ ಈ ನಾಲ್ಕು ಮಾತು. ಈ ಬೀದಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ನೀನು ಹೇಳುತ್ತೀಯ. ಕಂಡವರು ಯಾರು ಎಂದು ಯಾರಾದರೂ ಕೇಳಿದರೆ, ಪೋರ್ಚುಗೀಸರು ಬರೆದಿದ್ದಾರೆ ಅನ್ನುತ್ತೀಯ. ಡೊಮಿಂಗೊ ಪಾಯೆಸ್ ಬರೆದದ್ದು ನಿಜ. ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಸಿಗುವ ಅಗಲವಾದ ಬೀದಿಯೊಂದರ ಮಾತು ಅವನಲ್ಲಿದೆ. ಅದೇ ಬೀದಿಯಲ್ಲಿ ದಿನಾ ಸಂಜೆ ಸಂತೆ ಕೂಡುತ್ತದೆ, ಬಡಕಲು ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಎಲ್ಲ ಮಾರಾಟಕ್ಕಿರುತ್ತವೆ ಎಂದೂ ಬರೆದಿದ್ದಾನೆ. ಬಳ್ಳ ಅವನದಲ್ಲ, ಆಮೇಲೆ ನಾವು ಸೇರಿಸಿಕೊಂಡದ್ದು. ನನ್ನನ್ನು ಕೇಳಿದರೆ, ಅವನು ಆ ಬೀದಿಯಲ್ಲಿ ನಿಂತಿದ್ದ ಎಂದು ನಂಬಿಸುವುದು ವಜ್ರವಲ್ಲ, ಆ ಸೌದೆ.

ಪ್ರವಾಸಿಗಳ ನೆನಪಿನ ಬರಹ ಓದುವಾಗ ಪುಸ್ತಕ ಸುಳ್ಳೋ ನಿಜವೋ ಎಂದು ಕೇಳಬೇಡ. ಒಂದೊಂದು ವಾಕ್ಯವನ್ನೂ ಬೇರೆ ಬೇರೆ ವಿಚಾರಿಸು. ಇದನ್ನು ಇವನು ಕಂಡನೋ, ಕೇಳಿದನೋ? ಕೇಳಿದ್ದಾದರೆ ಯಾರ ಬಾಯಿಂದ, ಎಷ್ಟು ವರ್ಷದ ಮೇಲೆ? ಇವನು ಇಲ್ಲಿಗೆ ಬಂದದ್ದಾದರೂ ಯಾಕೆ? ಪಾಯೆಸ್ ಮತ್ತು ಅವನ ಆಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ ನೂನಿಜ್, ಇವರ ಬರಹಗಳನ್ನು ಡೇವಿಡ್ ಲೋಪೆಸ್ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ್ದು 1897ರಲ್ಲಿ. ರಾಬರ್ಟ್ ಸೆವೆಲ್ ಅವನ್ನು ಇಂಗ್ಲಿಷಿಗೆ ತಂದದ್ದು 1900ರಲ್ಲಿ. ಕನ್ನಡದಲ್ಲಿ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಇದೆ. ಮೊದಲು ಓದು. ಯೂಟ್ಯೂಬಿನಲ್ಲಿ ಕೇಳಿ ಹೇಳುವುದು ಬೇಡ.

ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಟರೆ ಎರಡು ಗುಡ್ಡಗಳ ನಡುವೆ ಅಡ್ಡ ಬಿದ್ದಿರುವ ದೊಡ್ಡ ಏರಿ ನೀನು ನೋಡಿಯೇ ಇದ್ದೀಯ, ರಾಯರ ಕೆರೆಯದು. ನೀರಿಲ್ಲದಿದ್ದರೂ ಏರಿ ಇದೆ. ಆ ಕೆರೆ ಕಟ್ಟುವ ಹೊತ್ತಿಗೆ, ಸುಮಾರು 1520ರಲ್ಲಿ, ಪಾಯೆಸ್ ಇಲ್ಲಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುವುದನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ತಲೆ ಎಣಿಸಿ ಹೇಳಿದ ಲೆಕ್ಕವೇನಲ್ಲ, ಆದರೆ ಕಂಡವನ ಅಂದಾಜು. ಏರಿಯ ಮೇಲೆ ನಿಂತು ನೋಡಿದರೆ ಅಷ್ಟು ಜನ ಬೇಕಾಗಿತ್ತು ಎಂದು ನಿನಗೂ ಅನ್ನಿಸುತ್ತದೆ. ಅದೇ ಪುಟದಲ್ಲಿ ಮತ್ತೊಂದು ಮಾತು ಬರುತ್ತದೆ. ಏರಿ ಎರಡು ಮೂರು ಸಲ ಒಡೆಯಿತು, ಕೃಷ್ಣದೇವರಾಯ ಬ್ರಾಹ್ಮಣರನ್ನು ಕೇಳಿದ, ಅವರು ಬಲಿ ಬೇಕೆಂದರು, ದೇವಸ್ಥಾನದ ಬಾಗಿಲಲ್ಲಿ ಅರವತ್ತು ಜನರ ತಲೆ ಕಡಿಸಿದರು, ಜೊತೆಗೆ ಕುದುರೆ, ಕೋಣ. ಇಲ್ಲಿ ಮಾತ್ರ ಪಾಯೆಸ್ ತಾನು ಕಂಡೆ ಎನ್ನುವುದಿಲ್ಲ. ರಾಯ ಕೇಳಿದ್ದು, ಬ್ರಾಹ್ಮಣರು ಹೇಳಿದ್ದು ಅವನ ಕಿವಿಗೆ ಬಿದ್ದದ್ದಾದರೂ ಹೇಗೆ? ಯಾರೋ ಹೇಳಿರಬೇಕು.

ಹದಿನೈದು ವರ್ಷದ ಮೇಲೆ ನೂನಿಜ್ ಅದೇ ಕೆರೆಯ ಕಥೆ ಹೇಳುತ್ತಾನೆ. ಆ ಹೊತ್ತಿಗೆ ಬಲಿಯಾದವರು ಮರಣದಂಡನೆಗೆ ತಕ್ಕ ಕೈದಿಗಳಾಗಿದ್ದಾರೆ. ಗೋವೆಯಿಂದ ಬಂದ ಒಬ್ಬ ಪೋರ್ಚುಗೀಸ್ ಕಲ್ಲುಕುಟಿಗನೂ ಕಥೆಯೊಳಗೆ ಬಂದಿದ್ದಾನೆ. ಅವನು ಸುಣ್ಣ ಬೇಕೆಂದನಂತೆ, ರಾಯ ನಕ್ಕನಂತೆ, ಈ ನಾಡಿನಲ್ಲಿ ಕಟ್ಟಡಕ್ಕೆ ಸುಣ್ಣ ಬಳಸುವ ವಾಡಿಕೆಯೇ ಇರಲಿಲ್ಲವಂತೆ! ತಲೆಯೆತ್ತಿ ವಿರೂಪಾಕ್ಷನ ಗೋಪುರ ನೋಡು. ಇಟ್ಟಿಗೆ, ಗಾರೆ, ಮೈತುಂಬ ಗಾರೆಯ ಗೊಂಬೆ. ಕಮಲ ಮಹಲಿನ ಕಮಾನು ನೋಡು. ನೂನಿಜನ ಈ ಒಂದು ಮಾತನ್ನು ಸುಳ್ಳು ಮಾಡಲು ಬೇರೆ ಪುಸ್ತಕ ಬೇಡ, ಹಂಪಿಯೇ ಸಾಕು. ಹಾಗೆಂದು ಕೆರೆಯ ಕಥೆಯನ್ನೆಲ್ಲ ತಿಪ್ಪೆಗೆ ಎಸೆಯಬೇಡ. ಕೆಲಸಕ್ಕೆ ಹೊರಗಿನ ಕುಶಲಿ ಬಂದಿರಬಹುದು, ಏರಿ ಒಡೆದಿರಬಹುದು. ‘ನಮ್ಮವನಿಂದಲೇ ಆಯಿತು’ ಎಂಬ ಪರದೇಶಿಯ ಹೆಮ್ಮೆಯನ್ನಷ್ಟೇ ಸುಲಿದು ಬಿಸಾಕು.

ನೂನಿಜ್ ಬಂದದ್ದು ಕುದುರೆ ವ್ಯಾಪಾರಕ್ಕೆ. ಇದನ್ನು ಮರೆತು ಅವನನ್ನು ಓದಬಾರದು. ಸಾಳುವ ನರಸಿಂಹ ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಎಣಿಸುತ್ತಿದ್ದ ಎಂದು ಅವನ ಬರಹ. ನರಸಿಂಹ ಆಳಿದ್ದು 1485ರಿಂದ 1491ರವರೆಗೆ, ನೂನಿಜ್ ಬರೆದದ್ದು 1535ರ ಆಚೆ. ಐವತ್ತು ವರ್ಷದ ಹಿಂದಿನ ಒಳ್ಳೆಯ ಗಿರಾಕಿಯನ್ನು ನೆನೆದು ವ್ಯಾಪಾರಿಗಳು ಆಡಿಕೊಂಡ ಮಾತು ಇದು ಅಂತ ನನ್ನ ಅನುಮಾನ. ಆದರೂ ಕುದುರೆಗಾಗಿ ಈ ರಾಜ್ಯ ಎಷ್ಟು ಹಸಿದಿತ್ತು ಎಂಬುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ಇನ್ನು ಮೇಕೆಯ ಕಣ್ಣು. ರಾಜ ವೀರನರಸಿಂಹ ಸಾಯುವ ಹೊತ್ತಿಗೆ, ಎಂಟು ವರ್ಷದ ತನ್ನ ಮಗನಿಗೆ ಪಟ್ಟ ಆಗಲಿ ಎಂದು ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಲು ಹೇಳಿದ, ಮಂತ್ರಿ ತಿಮ್ಮರಸು ಮೇಕೆಯ ಕಣ್ಣು ತೋರಿಸಿ ಅವನನ್ನು ಉಳಿಸಿದ. ಈ ಕಥೆ ಕೇಳಿ ಬಸ್ಸಿನಲ್ಲಿ ಬಂದ ಮಕ್ಕಳೆಲ್ಲ ಸುಮ್ಮನಾಗುತ್ತಾರೆ, ಬಲ್ಲೆ. ಇದರ ಮೂಲವೂ ನೂನಿಜನೇ. ಕೃಷ್ಣದೇವರಾಯನಿಗೆ ಪಟ್ಟವಾದದ್ದು 1509ರಲ್ಲಿ. ಕಾಲು ಶತಮಾನ ಕಳೆದು, ಅಚ್ಯುತರಾಯನ ಕಾಲದಲ್ಲಿ, ಒಬ್ಬ ವ್ಯಾಪಾರಿ ಕೇಳಿ ಬರೆದದ್ದು. ಸಾಯುವವನ ಕೋಣೆಯಲ್ಲಿ ಗುಟ್ಟಾಗಿ ನಡೆದದ್ದಕ್ಕೆ ಅವನು ಸಾಕ್ಷಿಯಲ್ಲ. ಹಾಗಾದರೆ ಹೇಳಲೇಬಾರದೇ? ಹೇಳು. ‘ಹೀಗೆ ಆಯಿತು’ ಅನ್ನಬೇಡ, ‘ಅಚ್ಯುತರಾಯನ ಕಾಲಕ್ಕೆ ಊರಲ್ಲಿ ಹೀಗೆ ಮಾತಿತ್ತು’ ಅನ್ನು. ಅರಮನೆಯ ಒಳಗಿನದು ಏನೇ ಇರಲಿ, ಜನ ಅರಮನೆಯ ಬಗ್ಗೆ ಏನು ನಂಬುತ್ತಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿಯೇ.

ಇದಕ್ಕೆ ಎದುರಾಗಿ ಪಾಯೆಸ್ ಕಂಡ ಕೃಷ್ಣದೇವರಾಯನನ್ನು ಇಟ್ಟು ನೋಡು. ಸಾಧಾರಣ ಎತ್ತರ, ಬಿಳಿ ಮೈಬಣ್ಣ, ಸಣಕಲಲ್ಲ, ಸ್ವಲ್ಪ ದಪ್ಪ, ಮುಖದಲ್ಲಿ ಸಿಡುಬಿನ ಕಲೆ. ಆಸ್ಥಾನದ ಕವಿ ಈ ಕಲೆಯನ್ನು ಬಾಯಿ ಬಿಟ್ಟು ಹೇಳುತ್ತಾನೆಯೇ? ರಾಯನನ್ನು ಮನಸಾರೆ ಹೊಗಳುವವನೇ ಇದನ್ನೂ ಬರೆದ ಎಂದರೆ, ಎದುರಿಗೆ ನಿಂತು ಕಂಡಿದ್ದಾನೆ. ಬೆಳಕು ಹರಿಯುವ ಮುಂಚೆ ರಾಯ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಸಾಮು ಮಾಡುತ್ತಿದ್ದ ಎಂಬುದು ಬೇರೆ ತೂಕದ್ದು. ಆ ಹೊತ್ತಿನಲ್ಲಿ ಪಾಯೆಸ್‌ನನ್ನು ಒಳಗೆ ಬಿಟ್ಟವರಾರು?

ಬರೆದವನಿಗೆ ಕಹಿಯಾದದ್ದನ್ನೂ ಹುಡುಕು. 1443ರಲ್ಲಿ ಬಂದ ಅಬ್ದುರ್ ರಜಾಕ್ ಪರ್ಷಿಯಾದ ಷಾರುಖನ ರಾಯಭಾರಿ. ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೊರ್ಮುಜಿನ ವರ್ತಕರು ಸುದ್ದಿ ಹಬ್ಬಿಸಿದರು, ಅರಮನೆಯಿಂದ ಬರುವ ಅವನ ದಿನದ ಪಡಿಗೂ ಕತ್ತರಿ ಬಿತ್ತು. ಅದನ್ನು ಅವನೇ ಬರೆದುಕೊಂಡಿದ್ದಾನೆ. ಅಂಥವನು ಈ ಪಟ್ಟಣಕ್ಕೆ ಸಮನಾದದ್ದನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂದು ಮೆಚ್ಚಿಕೊಂಡರೆ ಆ ಮೆಚ್ಚುಗೆಗೆ ಬೆಲೆ ಜಾಸ್ತಿ. ಸಂಖ್ಯೆಗೆ ಬಂದರೆ ಮಾತ್ರ ಎಲ್ಲರೂ ಒಂದೇ. ಅವನಿಗಿಂತ ಸುಮಾರು ಇಪ್ಪತ್ತು ವರ್ಷ ಮುಂಚೆ ಬಂದ ಇಟಲಿಯ ನಿಕೊಲೊ ಕಾಂಟಿ ರಾಜನಿಗೆ 12,000 ಹೆಂಡಿರು ಎಂದ, ರಜಾಕ್ 700 ಎಂದ. ಕಾಂಟಿ ಕೈಯಾರೆ ಬರೆದವನೂ ಅಲ್ಲ. ಊರಿಗೆ ಮರಳಿದ ಮೇಲೆ ಪೋಪರ ಕಾರ್ಯದರ್ಶಿ ಪೊಗ್ಗಿಯೊ ಎಂಬವನಿಗೆ ಬಾಯಲ್ಲಿ ಹೇಳಿದ, ಅವನು ಲ್ಯಾಟಿನ್‌ನಲ್ಲಿ ಬರೆದ. ಅಂತಃಪುರದ ಲೆಕ್ಕ ಇಬ್ಬರಿಗೂ ಯಾರೂ ಕೊಟ್ಟಿರಲಾರರು. ರಾಯಚೂರಿನ ಯುದ್ಧಕ್ಕೆ ಕೃಷ್ಣದೇವರಾಯ 7,03,000 ಕಾಲಾಳು ಒಯ್ದ ಎಂದು ನೂನಿಜ್ ಬರೆದದ್ದನ್ನೂ ಅದೇ ಗಂಟಿಗೆ ಸೇರಿಸು. ಆ ಯುದ್ಧ 1522ರಲ್ಲಿ ಎಂದೂ ಅವನು ಬರೆದ. ಸೆವೆಲ್ ಮಾತ್ರ ಅವನೇ ಕೊಟ್ಟ ತಿಂಗಳು, ವಾರ, ಅಮಾವಾಸ್ಯೆಯನ್ನು ಗಣಿತ ಹಾಕಿ ತಾಳೆ ನೋಡಿ 1520 ಎಂದು ತೋರಿಸಿದ. ವರ್ಷ ತಪ್ಪಿದ್ದರೂ ಅವನ ಯುದ್ಧದ ವರ್ಣನೆಯನ್ನು ಬಿಡಲಿಲ್ಲ. ವಿಚಾರಿಸುವುದೆಂದರೆ ಹೀಗೆ.

ಇಷ್ಟು ಕೇಳಿ, ಹಾಗಾದರೆ ಶಾಸನ ಒಂದೇ ಗತಿ ಎನ್ನಬೇಡ. ವಿರೂಪಾಕ್ಷ ದೇವಸ್ಥಾನದ 1510ರ ಶಾಸನ ಪಟ್ಟಾಭಿಷೇಕದ ಹೊತ್ತಿಗೆ ರಾಯ ರಂಗಮಂಟಪ ಕಟ್ಟಿಸಿದ್ದನ್ನು ಹೇಳುತ್ತದೆ. ಕಾಲ, ದಾನ, ಹೆಸರಿಗೆ ಅದನ್ನು ನಂಬು. ಹೊಗಳಿಕೆಯ ಭಾಗಕ್ಕೆ ಬಂದರೆ ಕಲ್ಲೂ ಬಾಯಿಬಡುಕನೇ. ಮೇಕೆಯ ಕಣ್ಣಿನ ಮಾತು ಅದರಲ್ಲಿಲ್ಲ. ಇಲ್ಲ ಎಂದ ಮಾತ್ರಕ್ಕೆ ನಡೆಯಲಿಲ್ಲ ಎಂದೂ ಆಗದು. ಅಂಥದ್ದನ್ನು ಯಾವ ರಾಜ ಕಲ್ಲಿಗೆ ಕೆತ್ತಿಸುತ್ತಾನೆ?

ನಿನ್ನ ತಾಯಿಯ ತವರು ಕಂಪ್ಲಿ, ಅದಕ್ಕೆ ಮುಂದಿನ ಮಾತು ನಿನಗೆ ಸ್ವಲ್ಪ ಚುಚ್ಚಬಹುದು. 1327ರ ಸುಮಾರಿಗೆ ಅಲ್ಲಿನ ದೊರೆ ಕಂಪಿಲರಾಯ, ದೆಹಲಿಯ ಸುಲ್ತಾನನಿಗೆ ತಿರುಗಿಬಿದ್ದು ತನ್ನ ಮರೆಹೊಕ್ಕ ಬಹಾಉದ್ದೀನನನ್ನು ಬಿಟ್ಟುಕೊಡದೆ ದೆಹಲಿಯ ಸೈನ್ಯಕ್ಕೆ ಎದುರು ನಿಂತು ಸತ್ತ. ಹೆಂಗಸರು ಬೆಂಕಿಗೆ ಹಾರಿದರು. ಇದನ್ನು ಹೇಳಿದ ಇಬ್ನ್ ಬತೂತ ಆಗ ಇಲ್ಲಿರಲಿಲ್ಲ, ದೆಹಲಿಗೆ ಬಂದದ್ದೇ ಆರೇಳು ವರ್ಷದ ಮೇಲೆ. ನೆನಪಿನಿಂದ ಹೇಳಿ ಬರೆಸಿ ಮುಗಿಸಿದ್ದು 1355ರಲ್ಲಿ, ಮೊರಾಕೊದಲ್ಲಿ. ಆದರೆ ರಾಯನ ಮಕ್ಕಳನ್ನು ಸೆರೆಹಿಡಿದು ದೆಹಲಿಗೆ ಒಯ್ದರು, ಮತಾಂತರ ಮಾಡಿ ಪದವಿ ಕೊಟ್ಟರು, ಅವರಲ್ಲಿ ಮೂವರನ್ನು ತಾನೇ ಕಂಡಿದ್ದೇನೆ ಎನ್ನುತ್ತಾನೆ. ಕಾಳಗದ ಮಾತು ಕೇಳಿದ್ದು, ಮಕ್ಕಳ ಮಾತು ಕಂಡದ್ದು. ಕಂಪಿಲರಾಯನ ಮಗನೆಂದು ನಾವು ಹಾಡುವ ನಮ್ಮ ಕುಮಾರರಾಮ ಅವನಲ್ಲಿ ಎಲ್ಲೂ ಇಲ್ಲ. ಕುಮಾರರಾಮನನ್ನು ಹಾಡಿದ ನಂಜುಂಡ ಕವಿ ಸುಮಾರು ಇನ್ನೂರು ವರ್ಷ ಈಚಿನವನು. ಕುಮಾರರಾಮ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅವನ ಮಲತಾಯಿ ರತ್ನಾಜಿಯ ಪ್ರಸಂಗವನ್ನು ಮಾತ್ರ ಇತಿಹಾಸವೆಂದು ಹೇಳಿ ಪ್ರವಾಸಿಗರಿಂದ ದುಡ್ಡು ತಗೋಬೇಡ.

ಕಡೆಯದಾಗಿ ಹುಲಿ. 1565ರ ತಾಳಿಕೋಟೆ ಯುದ್ಧವಾದ ಎರಡು ವರ್ಷಕ್ಕೆ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್ ಏಳು ತಿಂಗಳು ಇಲ್ಲಿದ್ದ. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಖಾಲಿ ಇವೆ ಎಂದು ಬರೆದ. ಒಳಗೆ ಹುಲಿಗಳಿವೆ ಎಂದೂ ಬರೆದ, ಆದರೆ ‘ಹಾಗೆ ಹೇಳುತ್ತಾರೆ’ ಎಂದು ಪಕ್ಕದಲ್ಲೇ ಸೇರಿಸಿದ. ಆ ಎರಡು ಪದ ನಿಮ್ಮ ಗೈಡುಗಳ ಬಾಯಲ್ಲಿ ಉದುರಿಹೋಗಿ, ಅವನು ಹುಲಿಗಳನ್ನು ಕಂಡೇ ಬಿಟ್ಟ. ಊರು ಒಂದೇ ಏಟಿಗೆ ಬೂದಿಯಾಯಿತು ಎನ್ನುವವರು ಅವನ ಮೊದಲ ಮಾತನ್ನು ಓದಿಯೇ ಇಲ್ಲ. ಅವನ ಜೊತೆ ಬಂದ ಕುದುರೆ ವ್ಯಾಪಾರಿಗಳಿಗೆ, ಯುದ್ಧದ ಮೇಲೆ ಅಧಿಕಾರ ಹಿಡಿದಿದ್ದ ತಿರುಮಲರಾಯ ಹಣ ಕೊಡಲಿಲ್ಲ ಎಂಬ ಸಿಟ್ಟೂ ಆ ಬರಹದಲ್ಲಿದೆ. ತಿರುಮಲನ ಬಗ್ಗೆ ಅವನು ಹೇಳಿದ್ದಕ್ಕೆ ಅಷ್ಟು ವಟ್ಟ ಮುರಿದುಕೋ.

ಓದುವ ಬುದ್ಧಿ ಬಂದ ಮೇಲೆ ಬರೆದಿಡುವ ಕೆಲಸವೂ ನಿನ್ನದೇ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಮುಳುಗಿದ ನಾರಾಯಣದೇವರಕೆರೆಯಿಂದ ಎದ್ದು ಬಂದವರು ಮರಿಯಮ್ಮನಹಳ್ಳಿಯಲ್ಲಿದ್ದಾರೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಸೀಸನ್ ಮುಗಿಯಲಿ ಎಂದು ಕಾಯಬೇಡ, ಈ ವಾರವೇ ಹೋಗಿ ಕೂತು ಕೇಳು. ಹೇಳಿದವರ ಹೆಸರು, ಆಗಿನ ವಯಸ್ಸು, ನೀನು ಕೇಳಿದ ತಾರೀಖು ಬರೆ. ಒಂದೊಂದು ಮಾತಿಗೂ ‘ಅಜ್ಜಿ, ಇದು ನೀವು ಕಂಡದ್ದೋ, ಹಿರಿಯರು ಹೇಳಿದ್ದೋ’ ಎಂದು ಕೇಳಿ, ಅದನ್ನೂ ಪಕ್ಕದಲ್ಲೇ ಬರೆದಿಡು.