ಸಣ್ಣ ನಾಯಿಯ ಹಲ್ಲಿನ ಚಿಕಿತ್ಸೆ: ಅರಿವಳಿಕೆಗೆ ಮುನ್ನ

ಪ್ರಶ್ನೆ: ನಮ್ಮ ಪಾಮೇರಿಯನ್‌ಗೆ 9 ವರ್ಷ, ತೂಕ 4 ಕೆ.ಜಿ. ಹಲ್ಲು ಅಲುಗಾಡುತ್ತಿವೆ, ಬಾಯಿ ನಾರುತ್ತದೆ. ಅರಿವಳಿಕೆ ಕೊಟ್ಟೇ ಕೀಳಬೇಕಂತೆ. ತಡೆದುಕೊಂಡೀತೇ ಡಾಕ್ಟ್ರೇ?
– ಓದುಗರು, ಮಾನ್ವಿ

ಉತ್ತರ: ವಯಸ್ಸೊಂದೇ ಅಡ್ಡಿಯಲ್ಲ. ಮೊದಲು ಹೃದಯದ ತಪಾಸಣೆ, ಯಕೃತ್ತು, ಮೂತ್ರಪಿಂಡ, ಪ್ಲೇಟ್‌ಲೆಟ್‌ಗಳ ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಹುಳುವಿನಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದಿದ್ದರೆ ಹಲ್ಲು ಕಿತ್ತ ಜಾಗದ ರಕ್ತ ಬೇಗ ನಿಲ್ಲದು. ಕೆಮ್ಮು, ಸುಸ್ತು, ಈಗ ಕೊಡುತ್ತಿರುವ ಔಷಧಿ, ಯಾವುದನ್ನೂ ಮುಚ್ಚಿಡಬೇಡಿ.

ಅರಿವಳಿಕೆಗೆ ಮುನ್ನ ಸಾಮಾನ್ಯವಾಗಿ 6ರಿಂದ 8 ಗಂಟೆ ಆಹಾರ ಬೇಡ. ವಾಂತಿ ಶ್ವಾಸಕೋಶಕ್ಕೆ ಹೋದರೆ ಅಪಾಯ. ತೀರಾ ಪುಟ್ಟ ಅಥವಾ ಸಕ್ಕರೆ ಕಾಯಿಲೆಯ ನಾಯಿಗೆ ಈ ಅವಧಿ ಬೇರೆ, ವೈದ್ಯರನ್ನು ಕೇಳಿ. ಮನೆಯಿಂದ ಹೊರಡುವವರೆಗೆ ನೀರು ಕೊಡಬಹುದು.

ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ, ರಾಯಚೂರಿನ ಪಶು ಆಸ್ಪತ್ರೆಗೆ ಬೆಳಗಿನ ತಂಪಿನಲ್ಲೇ ಹೊರಡಿ. ಅಲ್ಲೇ ತೂಕ ಹಾಕಿಸಿ. ಔಷಧಿಯ ಪ್ರಮಾಣ ಅದರ ಮೇಲೇ ನಿಂತಿದೆ. ಉಸಿರಾಟದ ಕೊಳವೆ, ಆಮ್ಲಜನಕದ ವ್ಯವಸ್ಥೆ ಇದೆಯೇ ವಿಚಾರಿಸಿ. ಹೃದ್ರೋಗವಿದ್ದರೆ ಬೀದರ್ ಪಶುವೈದ್ಯಕೀಯ ಕಾಲೇಜಿನ ಸಲಹೆ ಪಡೆಯಿರಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಅರಿವಳಿಕೆಯಲ್ಲಿ ಸಣ್ಣ ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ಒಯ್ಯಿರಿ.

ಪೂರ್ತಿ ಎಚ್ಚರವಾದ ಮೇಲೆ ಮೆತ್ತಗಿನ ಅನ್ನ ಸ್ವಲ್ಪ ಸ್ವಲ್ಪವೇ ಕೊಡಿ. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ. ರಕ್ತ ಸುರಿಯುತ್ತಲೇ ಇದ್ದರೆ ಅಥವಾ ಒಸಡು ಬಿಳಿಚಿದರೆ ತಕ್ಷಣ ವೈದ್ಯರಿಗೆ ತೋರಿಸಿ.