ಕಳಿಸಿದೊಡನೆ ಮಸುಕಾಗುವ ಮದುವೆಯ ವಿಡಿಯೊ

ಪ್ರಶ್ನೆ: ಸಂಕಲಿಸಿದ ಮದುವೆಯ ವಿಡಿಯೊ ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಮಸುಕಾಗುವುದೇಕೆ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಸಂಕಲನದ ಕೊನೆಯ ‘ಎಕ್ಸ್‌ಪೋರ್ಟ್’ ಬರಿಯ ನಕಲಲ್ಲ; 2003ರಲ್ಲಿ ರೂಪುಗೊಂಡ ಎಚ್.264ರಂಥ ಕೋಡೆಕ್, ಅಂದರೆ ದೃಶ್ಯಮಾಹಿತಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ, ಕಣ್ಣಿಗೆ ಎದ್ದು ಕಾಣದ ವಿವರಗಳನ್ನು ಕೈಬಿಡುತ್ತದೆ, ಮತ್ತು ಬಿಟ್ಟುಹೋದದ್ದು ಮರಳಿ ಬಾರದಿರುವುದರಿಂದ ಪ್ರತಿ ಬಾರಿ ಕುಗ್ಗಿಸಿದಾಗಲೂ ನಷ್ಟ ಬೆಳೆಯುತ್ತದೆ. ವಾಟ್ಸ್‌ಆ್ಯಪ್ ವಿಡಿಯೊವನ್ನು ಮತ್ತೊಮ್ಮೆ ಕುಗ್ಗಿಸುವುದೇ ಮಸುಕಿನ ಮೂಲ. ಅದೇ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ 2 ಜಿಬಿವರೆಗೆ ಯಥಾವತ್ತಾಗಿ ತಲುಪುತ್ತದೆ.

ಯೂಟ್ಯೂಬ್ ಕೂಡ ಮರಳಿ ಕುಗ್ಗಿಸುವುದರಿಂದ ಅದಕ್ಕೆ ಸಮೃದ್ಧ ಪ್ರತಿಯನ್ನೇ ಒದಗಿಸಬೇಕಾಗುತ್ತದೆ. ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ದೃಶ್ಯಕ್ಕೆ ಮೀಸಲಾದ ಮಾಹಿತಿಯ ಪ್ರಮಾಣ, 1080ಪಿ ವಿಡಿಯೊದಲ್ಲಿ ಸೆಕೆಂಡಿಗೆ 25 ಅಥವಾ 30 ಫ್ರೇಮುಗಳಿದ್ದರೆ 8 ಮೆಗಾಬಿಟ್, 50 ಅಥವಾ 60 ಇದ್ದರೆ 12 ಮೆಗಾಬಿಟ್ ಇರಲೆಂದು ಅದರ ಸೂಚನೆ. 8 ಮೆಗಾಬಿಟ್ ಎಂದರೆ ನಿಮಿಷಕ್ಕೆ ಸುಮಾರು 60 ಎಂಬಿ. ಕುಳಿತು ಹಾಡುವ ಹಿಂದೂಸ್ತಾನಿ ಗಾಯಕರ ಬೈಠಕ್‌ಗೆ ಇದು ಧಾರಾಳವೇ, ಆದರೆ ಅಕ್ಷತೆಯ ಮಳೆ, ಮಿನುಗುವ ದೀಪಗಳ ಸರ, ಬ್ಯಾಂಡಿನ ಮುಂದಿನ ಕುಣಿತ ಇರುವಲ್ಲಿ ಪ್ರತಿ ಫ್ರೇಮೂ ಹಿಂದಿನದಕ್ಕಿಂತ ಬೇರೆಯಾಗುವುದರಿಂದ 15ರಿಂದ 20 ಮೆಗಾಬಿಟ್ ಇರಿಸುವುದು ದುಂದಲ್ಲ. ಚಿತ್ರೀಕರಿಸಿದ ಫ್ರೇಮ್ ದರವನ್ನು ಬದಲಿಸಬಾರದು. 25ನ್ನು 30 ಮಾಡಿದರೆ ಚಲನೆ ಕುಂಟುತ್ತದೆ.

ಧಾರವಾಡದ ಬಂಧುಗಳಿಗಾದರೆ ಪೆನ್‌ಡ್ರೈವ್ ಕೊಡುವುದೇ ಲೇಸು, ಇಂಟರ್‌ನೆಟ್ಟಿನ ಹಂಗೇ ಇಲ್ಲ. ಆದರೆ ಅದು ಎಫ್‌ಎಟಿ32 ವಿನ್ಯಾಸದಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಕಡತವನ್ನು ಸ್ವೀಕರಿಸದ ಕಾರಣ, ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿರಬೇಕು.